ಇಬ್ಬರಿಗೂ ಚಷ್ಮಾ ಇದ್ದರೆ ಮಗಳಿಗೂ ಬರುತ್ತದಾ?

ಅಕ್ಕಾ, ನಿಮಗೂ ಯಜಮಾನರಿಗೂ ಮೈನಸ್ ನಂಬರ್ (ದೂರದ್ದು ಮಸುಕಾಗಿ ಕಾಣುವುದು) ಇದೆ, 7 ವರ್ಷದ ಮಗಳಿಗೂ ಬಂದೇ ಬರುತ್ತದಾ ಎಂದು ಕೇಳಿದ್ದೀರಿ. ಹಾಗೇನಿಲ್ಲ. ಸಾಧ್ಯತೆ ಜಾಸ್ತಿ, ಅಷ್ಟೇ. ಇದು ಒಂದೇ ಜೀನ್‌ನ ಆಟ ಅಲ್ಲ. 2018ರ ಒಂದು ದೊಡ್ಡ ಅಧ್ಯಯನ ನಮ್ಮ ಜೀನ್‌ಗಳಲ್ಲಿ ಇದಕ್ಕೆ ಸಂಬಂಧಪಟ್ಟ 161 ಜಾಗ ಗುರುತಿಸಿತ್ತು. ಒಂದೊಂದರ ಪಾಲು ಚೂರೇ ಚೂರು.

ನಮ್ಮ ಕೈಲಿರುವುದು ಹೊರಗಿನ ಬೆಳಕು. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತ 1991-92ರಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. 8-9ನೇ ವಯಸ್ಸಿನಲ್ಲಿ ಹೊರಗೆ ಜಾಸ್ತಿ ಇದ್ದವರಿಗೆ ಮೈನಸ್ ಬಂದಿದ್ದು ಕಡಿಮೆ. ಚೀನಾದ ಗುವಾಂಗ್‌ಝೌದಲ್ಲಿ ಕೆಲವು ಶಾಲೆಗಳು ಮಕ್ಕಳನ್ನು ದಿನಾ 40 ನಿಮಿಷ ಹೆಚ್ಚು ಹೊರಗೆ ಬಿಟ್ಟವು. 3 ವರ್ಷದಲ್ಲಿ ಅಲ್ಲಿ ಶೇ. 30ರಷ್ಟು ಮಕ್ಕಳಿಗೆ ಮೈನಸ್ ಬಂತು, ಉಳಿದ ಶಾಲೆಗಳಲ್ಲಿ ಸುಮಾರು ಶೇ. 40.

ಕಲಬುರಗಿ ಬಿಸಿಲಲ್ಲಿ ಹೊರಗಾ ಎಂದು ನಗಬೇಡಿ! ಬೇವಿನ ಮರದ ನೆರಳೂ ಸಾಕು, ಮನೆಯೊಳಗಿಗಿಂತ ಅಲ್ಲಿ ಬೆಳಕು ಎಷ್ಟೋ ಪಟ್ಟು ಜಾಸ್ತಿ. ಬೇಸಿಗೆಯಲ್ಲಿ ನಾವು ಬೆಳಿಗ್ಗೆಯೇ ಅಪ್ಪನ ಕೆರೆ ಕಡೆ ಹೋಗುತ್ತೇವೆ.

ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರ ಹತ್ತಿರ ಕಣ್ಣಿಗೆ ಡ್ರಾಪ್ಸ್ ಹಾಕಿಸಿ ನಂಬರ್ ನೋಡಿಸಿ. ಡ್ರಾಪ್ಸ್ ಹಾಕದೆ ನೋಡಿದರೆ ಮಕ್ಕಳಲ್ಲಿ ಮೈನಸ್ ಸುಮ್ನೆ ಜಾಸ್ತಿ ತೋರಿಸಬಹುದು.