ಪ್ರಯೋಗಶಾಲೆಯ ಪ್ರಶ್ನೋತ್ತರ: ಕಾಲಮ್ಮಿನಲ್ಲೇ ಪ್ರೋಟೀನು ಮಡಿಸುವುದು

ಪ್ರಶ್ನೆ: ಮೇಡಂ, ನನ್ನ ಊರು ಮಂಡ್ಯ, ಮೈಸೂರಿನಲ್ಲಿ ಎಂ.ಎಸ್‌ಸಿ. ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ನನ್ನ ಹಿಸ್-ಟ್ಯಾಗ್ (ತುದಿಗೆ ಹಿಸ್ಟಿಡಿನ್ ಬಾಲ ಜೋಡಿಸಿದ) ಪ್ರೋಟೀನೆಲ್ಲ ಇನ್‌ಕ್ಲೂಷನ್ ಬಾಡಿಯಾಗಿ, ಅಂದರೆ ಕರಗದ ಗಡ್ಡೆಯಾಗಿ, ತಳ ಸೇರುತ್ತಿದೆ. 8 ಮೋಲಾರ್ ಯೂರಿಯಾದಲ್ಲಿ ಕರಗುತ್ತದೆ, ಯೂರಿಯಾ ಇಲ್ಲದ ಬಫರಿಗೆ (ಪಿಎಚ್ ಕಾಯುವ ದ್ರಾವಣಕ್ಕೆ) ಹನಿಸಿದ ಕೂಡಲೇ ಬೆಳ್ಳಗೆ ಮಬ್ಬಾಗುತ್ತದೆ. ಹಿಸ್-ಟ್ಯಾಗನ್ನು ಹಿಡಿದುಕೊಳ್ಳುವ ನಿಕ್ಕಲ್ ಕಾಲಮ್ಮಿನಲ್ಲೇ ರೀಫೋಲ್ಡ್ ಮಾಡಬಹುದಂತೆ, ಅಂದರೆ ಮತ್ತೆ ಸರಿಯಾಗಿ ಮಡಿಸಬಹುದಂತೆ, ಹೇಗೆ? ಮನೆಯಲ್ಲಿ ಗದ್ದೆಗೆ ತಂದ ಯೂರಿಯಾ ಮೂಟೆ ಇದೆ, ಅದೇ ಆಗುತ್ತಾ?
– ಓದುಗರು, ಮಂಡ್ಯ

ಉತ್ತರ: ಮೊದಲು ಮೂಟೆಯ ವಿಷಯ. ಬೇಡ ತಾಯಿ. ಅಣು ಒಂದೇ, ನಿಜ. ಆದರೆ 2015ರಿಂದ ನಮ್ಮ ದೇಶದ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪ ಕಡ್ಡಾಯ, ಸಾಲದ್ದಕ್ಕೆ ಬೈಯೂರೆಟ್ ಎಂಬ ಕಲ್ಮಶ ಬೇರೆ. ಭತ್ತಕ್ಕೆ ಆದೀತು, ಕಾಲಮ್ಮಿಗಲ್ಲ.

ಶುದ್ಧ ಯೂರಿಯಾ ತಂದರೂ ಕೆಡಿಸಿಕೊಳ್ಳುವವರೇ ಹೆಚ್ಚು. ಲೀಟರಿಗೆ 480 ಗ್ರಾಂ ಬೇಕು. ಸುರಿದು ಕಲಕಿದರೆ ಬೀಕರ್ ತಣ್ಣಗಾಗಿ ಹೊರಮೈ ಬೆವರುತ್ತದೆ, ಹರಳು ಕರಗುವ ಲಕ್ಷಣವೇ ಕಾಣುವುದಿಲ್ಲ. ಆಗ ಹುಡುಗರ ಕೈ ಹಾಟ್‌ಪ್ಲೇಟಿನ ಗುಂಡಿಗೆ ಹೋಗುತ್ತದೆ. ಬಿಸಿಯಾದಷ್ಟೂ ಯೂರಿಯಾ ಸಯನೇಟ್ ಆಗುತ್ತದೆ, ಅದು ಪ್ರೋಟೀನಿನ ಲೈಸಿನ್‌ಗಳಿಗೆ ಅಂಟಿಕೊಂಡರೆ ಆಮೇಲೆ ಬಿಡಿಸುವವರು ಯಾರೂ ಇಲ್ಲ. ಉಗುರುಬೆಚ್ಚಗಿನ ನೀರಲ್ಲಿ ಬೀಕರ್ ಇಟ್ಟು ಸಮಾಧಾನವಾಗಿ ಕಲಕಿ. ಅವತ್ತಿನದು ಅವತ್ತಿಗೇ ಖರ್ಚಾಗಲಿ.

ಇನ್ನು ಆ ಮಬ್ಬು. ಸರಿಯಾಗಿ ಮಡಿಸಿಕೊಳ್ಳುವುದು ಒಂದೊಂದು ಅಣುವಿನ ಸ್ವಂತ ಕೆಲಸ. ಗಡ್ಡೆ ಕಟ್ಟಲು ಕನಿಷ್ಠ ಎರಡು ಬೇಕು. ಹಾಗಾಗಿ ಸಾಂದ್ರತೆ ಏರಿದಂತೆ ಗಡ್ಡೆಯೇ ಗೆಲ್ಲುತ್ತದೆ. ಪ್ರೋಟೀನು ಹೇಗೆ ಮಡಿಸಿಕೊಳ್ಳಬೇಕೆಂಬುದು ಅಮೈನೋ ಆಮ್ಲಗಳ ಸರಣಿಯಲ್ಲೇ ಅಡಗಿದೆ ಎಂದು ತೋರಿಸಿದ ಆನ್‌ಫಿನ್ಸನ್‌ಗೆ 1972ರಲ್ಲಿ ನೊಬೆಲ್ ಬಂತು. ಅವರ ಕೈಗೆ ಸಿಕ್ಕಿದ್ದು ರೈಬೊನ್ಯೂಕ್ಲಿಯೇಸ್ ಎಂಬ ಕಿಣ್ವ, ಹೇಳಿದ ಮಾತು ಕೇಳುವ ಪ್ರೋಟೀನು. ನಿಮ್ಮದು ಹಾಗಿಲ್ಲ. ಜಾತ್ರೆಯಲ್ಲಿ ಎತ್ತುಗಳನ್ನು ಅಂತರ ಬಿಟ್ಟು ಗೂಟಕ್ಕೆ ಕಟ್ಟುತ್ತಾರಲ್ಲ, ನಿಕ್ಕಲ್ ಕಾಲಮ್ ಮಾಡುವುದೂ ಅದನ್ನೇ. ಆರು ಹಿಸ್ಟಿಡಿನ್‌ಗಳ ಬಾಲವೇ ಹಗ್ಗ. ಆದ್ದರಿಂದ ಕಾಲಮ್ಮಿನ ಪೂರ್ತಿ ಸಾಮರ್ಥ್ಯದಷ್ಟು ಪ್ರೋಟೀನು ತುಂಬಬೇಡಿ, ಅಂತರ ಉಳಿಯುವುದಿಲ್ಲ.

ಪೆಲೆಟ್ಟನ್ನು (ತಳ ಸೇರಿದ ಮುದ್ದೆಯನ್ನು) ಮೊದಲು ಟ್ರೈಟಾನ್ ಎಕ್ಸ್-100 ಎಂಬ ಡಿಟರ್ಜೆಂಟ್ ಇರುವ ಬಫರಿನಲ್ಲಿ, ಆಮೇಲೆ ಅದಿಲ್ಲದ ಬಫರಿನಲ್ಲಿ ತೊಳೆಯಿರಿ. ಯೂರಿಯಾದಲ್ಲಿ ಕರಗಿಸಿ, ಸೆಂಟ್ರಿಫ್ಯೂಜ್ ಮಾಡಿ, ಸೋಸಿ, ಆಮೇಲೆ ಕಾಲಮ್ಮಿಗೆ. ಲೋಹ ಹಿಡಿಯುವ ಇಡಿಟಿಎ ಸುಳಿಯಬಾರದು, ನಿಕ್ಕಲನ್ನೇ ಕಿತ್ತುಕೊಂಡು ಹೋಗುತ್ತದೆ. ನೀಲಿ ಕಾಲಮ್ ಬಿಳಿಯಾಯಿತೆಂದರೆ ಇದೇ ಕಾರಣ. ಅಪಕರ್ಷಕವಾದ ಡಿಟಿಟಿ ಹೆಚ್ಚಾದರೆ ಕಾಲಮ್ ಕಂದಾಗುತ್ತದೆ.

ಪ್ರೋಟೀನು ಕಾಲಮ್ಮಿಗೆ ಅಂಟಿದ ಮೇಲೆ ಯೂರಿಯಾವನ್ನು 8 ಮೋಲಾರಿನಿಂದ ಸೊನ್ನೆಗೆ ನಿಧಾನವಾಗಿ ಇಳಿಸಬೇಕು. ದೊಡ್ಡ ಯಂತ್ರ ಇಲ್ಲವೆಂದು ಕೊರಗಬೇಡಿ. ತಳದಲ್ಲಿ ಕೊಳವೆಯಿಂದ ಕೂಡಿಸಿದ ಎರಡು ಪಾತ್ರೆ ಸಾಕು. ಕಾಲಮ್ಮಿನ ಕಡೆಯದರಲ್ಲಿ ಯೂರಿಯಾ ಬಫರು, ಕೆಳಗೆ ಸ್ಟಿರರ್. ಇನ್ನೊಂದರಲ್ಲಿ ಬರೀ ಬಫರು. ಪಂಪ್ ಎಳೆದಂತೆ ಸಾಂದ್ರತೆ ತಾನಾಗಿ ಇಳಿಯುತ್ತದೆ. ರಾತ್ರಿಯಿಡೀ ಓಡಿಸುವುದಾದರೆ ಪಂಪನ್ನು ಯುಪಿಎಸ್‌ಗೆ ಸಿಕ್ಕಿಸಿ, ನಮ್ಮ ಕರೆಂಟನ್ನು ನಂಬಬೇಡಿ. ಕೊನೆಗೆ 250 ಮಿಲಿಮೋಲಾರ್ ಇಮಿಡಜೋಲಿನಿಂದ (ಅದು ನಿಕ್ಕಲ್ ಮೇಲಿನ ಹಿಸ್ಟಿಡಿನ್ ಜಾಗ ಕಿತ್ತುಕೊಳ್ಳುತ್ತದೆ) ಪ್ರೋಟೀನನ್ನು ಬಿಡಿಸಿ.

ಹೊರಬಂದದ್ದು ತಿಳಿಯಾಗಿದೆ ಎಂದು ಗೈಡ್ ಹತ್ತಿರ ಓಡಬೇಡಿ. ಕರಗಿದ್ದೆಲ್ಲ ಸರಿಯಾಗಿ ಮಡಿಸಿಕೊಂಡದ್ದಲ್ಲ, ಸಣ್ಣ ಗಡ್ಡೆಗಳು ಕಣ್ಣಿಗೆ ಕಾಣುವುದಿಲ್ಲ. ಎಸ್‌ಡಿಎಸ್ ಜೆಲ್ ಇಲ್ಲಿ ಸಾಕ್ಷಿ ಹೇಳಲಾರದು, ಅದು ಎಲ್ಲವನ್ನೂ ಬಿಚ್ಚಿಯೇ ಓಡಿಸುತ್ತದೆ. ಅಣುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಫಿಲ್ಟ್ರೇಷನ್ ಕಾಲಮ್ಮಿನಲ್ಲಿ ಬಿಟ್ಟು ನೋಡಿ: ಗಡ್ಡೆಯಾದದ್ದು ಎಲ್ಲಕ್ಕಿಂತ ಮೊದಲು ಹೊರಬರುತ್ತದೆ. ಕಿಣ್ವವಾಗಿದ್ದರೆ ಚಟುವಟಿಕೆ ಅಳೆಯದೆ ಏನನ್ನೂ ಬರೆಯಬೇಡಿ.

ಪ್ರೋಟೀನಿನಲ್ಲಿ ಸಿಸ್ಟೀನ್ ಎಷ್ಟಿವೆ ಎಂದು ನೀವು ತಿಳಿಸಿಲ್ಲ. ಸಿಸ್ಟೀನ್ ಜೋಡಿಗಳ ನಡುವೆ ಡೈಸಲ್ಫೈಡ್ (ಗಂಧಕ-ಗಂಧಕ) ಬಂಧಗಳಿದ್ದರೆ ಯೂರಿಯಾ ಇಳಿಸುವ ಬಫರಿಗೆ ಅಪಕರ್ಷಿತ, ಉತ್ಕರ್ಷಿತ ಎರಡೂ ಬಗೆಯ ಗ್ಲುಟಾಥಯೋನ್ ಸೇರಿಸಬೇಕಾಗುತ್ತದೆ. ಸರಣಿ ನೋಡಿ ಇನ್ನೊಮ್ಮೆ ಬರೆಯಿರಿ.