ಸೋಯಾಬೀನ್‌ಗೆ ಕಳೆನಾಶಕ ಸಿಂಪಡಿಸಿದರೆ ಸಾಕೇ, ಎಡೆ ಹೊಡೆಯಲೇಬೇಕೇ?
ಬೀದರ್, ಬೆಳಗಾವಿ, ಧಾರವಾಡ ಭಾಗದ ಮುಂಗಾರು ಸೋಯಾಬೀನ್‌ಗೆ ಕಳೆನಾಶಕವೊಂದನ್ನೇ ನಂಬುವುದು ಲಾಭದಾಯಕವಲ್ಲ ಎಂಬುದು ನನ್ನ ಅಭಿಪ್ರಾಯ. ಬಿತ್ತಿದ ಮೊದಲ 30–45 ದಿನಗಳಲ್ಲಿ, ಅಂದರೆ ಬೆಳೆಯ ಎಲೆಗಳು ಸಾಲುಗಳ ನಡುವಿನ ನೆಲವನ್ನು ಮುಚ್ಚುವ ಮುನ್ನ, ಕಳೆಯು ಕಸಿದುಕೊಳ್ಳುವ ತೇವ ಮತ್ತು ಪೋಷಕಾಂಶವೇ ಇಳುವರಿಯನ್ನು ಹೆಚ್ಚು ಕುಗ್ಗಿಸುತ್ತದೆ. ಬಿತ್ತಿದ ಎರಡು ದಿನಗಳೊಳಗೆ, ಮಣ್ಣು ಹಸಿಯಿರುವಾಗಲೇ ಕಳೆ ಮೊಳೆಯದಂತೆ ತಡೆಯುವ ಪೆಂಡಿಮೆಥಾಲಿನ್ ಎಂಬ ಕಳೆನಾಶಕ ಸಿಂಪಡಿಸಿ, 20 ಮತ್ತು 35ನೇ ದಿನದ ಸುಮಾರಿಗೆ ಎಡೆಕುಂಟೆ (ಸಾಲುಗಳ ನಡುವಿನ ಕಳೆ ತೆಗೆಯುವ ಸಾಧನ) ಹೊಡೆದು, ಸಾಲಿನೊಳಗೆ ಉಳಿದ ಕಳೆಯನ್ನು ಕೈಯಿಂದ ಕೀಳಿಸಿದರೆ ಸಾಕು. ಮಳೆ ಬಿಡುವು ಕೊಡದೆ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಕುಂಟೆ ಸಾಗದಿದ್ದಾಗ ಮಾತ್ರ, ಕಳೆಗೆ ಎರಡರಿಂದ ನಾಲ್ಕು ಎಲೆಗಳಿರುವಾಗ, ಡಬ್ಬಿಯ ಮೇಲಿನ ಪ್ರಮಾಣವನ್ನು ಮೀರದಂತೆ ಮೊಳೆತ ಕಳೆಯನ್ನು ಕೊಲ್ಲುವ ಇಮಾಜೆಥಾಪೈರ್ ಎಂಬ ಕಳೆನಾಶಕ ಬಳಸಬಹುದು. ಅದರ ಶೇಷ ಮಣ್ಣಿನಲ್ಲಿ ಉಳಿದು ಜೋಳಕ್ಕೆ ಹಾನಿ ಮಾಡಬಲ್ಲದಾದ್ದರಿಂದ, ಹಿಂಗಾರಿಗೆ ಅದೇ ಹೊಲದಲ್ಲಿ ಜೋಳ ಬಿತ್ತುವವರು ಈ ಔಷಧಿಯನ್ನು ಬಿಡುವುದೇ ಲೇಸು.