ಬರಿಗಾಲಿನ ಬಗ್ಗೆ ಮೂರು ಪತ್ರ

ಪ್ರಶ್ನೆ: ಬೆಂಗಳೂರಿನ ಕಂಪನಿ ಕೆಲಸವನ್ನು ಎರಡು ವರ್ಷದಿಂದ ನಮ್ಮ ತೋಟದ ಮನೆಯಿಂದಲೇ ಮಾಡುತ್ತಿದ್ದೇನೆ. ಚಪ್ಪಲಿ ಬಿಟ್ಟು ಒಂದು ವರ್ಷವಾಯಿತು. ಅಂಗಳ, ತೋಟ, ಕೆಲವು ಸಲ ಅಂಗಡಿಗೂ ಬರಿಗಾಲಲ್ಲೇ ಹೋಗುತ್ತೇನೆ. ಕಾಲಿಗೆ ತುಂಬಾ ಹಿತವಾಗಿದೆ. ಆದರೆ ಅಮ್ಮ, "ಚಪ್ಪಲಿಗೂ ಗತಿಯಿಲ್ಲವಾ ಅಂತ ಜನ ಕೇಳ್ತಾರೆ" ಅಂತ ಬೇಸರ ಮಾಡಿಕೊಳ್ಳುತ್ತಾರೆ. ಮಳೆ ಶುರುವಾದ ಮೇಲೆ ಹುಳ, ಹಾವು ಅಂತ ಹೆದರಿಸುತ್ತಾರೆ. ನಾನು ಇದನ್ನು ಬಿಡಬೇಕಾ?
— ಸೋಮವಾರಪೇಟೆ ಕಡೆಯ ಓದುಗ

ಉತ್ತರ: ಬಿಡಬೇಡಿ. ಎಲ್ಲಾ ಕಡೆ, ಎಲ್ಲಾ ಹೊತ್ತು ಬರಿಗಾಲೇ ಅನ್ನುವ ಹಟವನ್ನು ಮಾತ್ರ ಬಿಡಿ.

ಮೊದಲು ಅಮ್ಮನ ಮಾತು. ಅವರ ಕಾಲದಲ್ಲಿ ಬರಿಗಾಲು ಅಂದರೆ ಬಡತನ. ನಾನೂ ಏಳನೇ ಕ್ಲಾಸಿನವರೆಗೆ ಬರಿಗಾಲಲ್ಲೇ ಶಾಲೆಗೆ ನಡೆದವಳು. ಮೊದಲ ಹವಾಯಿ ಚಪ್ಪಲಿ ಬಂದ ರಾತ್ರಿ ಅದನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದೆ. ಆ ನೆನಪಿರುವ ತಾಯಿಗೆ ಮಗ ಚಪ್ಪಲಿ ಬಿಟ್ಟರೆ ನೋವಾಗುತ್ತದೆ, ಅಲ್ವಾ? ಯಾಕೆ ಹೀಗೆ ನಡೆಯುತ್ತೀರಿ ಅಂತ ಒಮ್ಮೆ ಅವರ ಜೊತೆ ಕೂತು ಹೇಳಿ. 2021ರಲ್ಲಿ ಅಂಕೋಲಾ ಕಡೆಯ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲೇ ನಡೆದು ಹೋಗಿ ಪದ್ಮಶ್ರೀ ತೆಗೆದುಕೊಂಡ ಫೋಟೋ ತೋರಿಸಿ. ನನಗಂತೂ ಅದನ್ನು ನೋಡಿ ಕಣ್ಣು ತುಂಬಿತ್ತು.

ಆದರೆ ಹುಳದ ವಿಷಯದಲ್ಲಿ ಅಮ್ಮ ಹೇಳಿದ್ದು ನಿಜ. ಆರೋಗ್ಯ ಸಹಾಯಕಿಯಾಗಿ ತೋಟದ ಕೆಲಸದವರು ಇರುವ ಲೈನ್ ಮನೆಗಳನ್ನು ವರ್ಷಗಟ್ಟಲೆ ಸುತ್ತಿದ್ದೇನೆ. ಮುಖ ಬಿಳಿಚಿಕೊಂಡ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಹೆಂಗಸರನ್ನು ಎಷ್ಟೋ ನೋಡಿದ್ದೇನೆ. ಊಟ ಸಾಲದ್ದು ಒಂದು ಕಾರಣ, ಕೊಕ್ಕೆಹುಳು ಇನ್ನೊಂದು. ಇದರ ಮೊಟ್ಟೆ ಮಲದ ಜೊತೆ ಮಣ್ಣಿಗೆ ಬೀಳುತ್ತದೆ. ಬೆಚ್ಚಗೆ, ಒದ್ದೆಯಾಗಿ, ನೆರಳಾಗಿರುವ ಮಣ್ಣು ಸಿಕ್ಕರೆ ಐದರಿಂದ ಹತ್ತು ದಿನದಲ್ಲಿ ಮರಿಹುಳು ತಯಾರು. ಕಾಫಿ ಗಿಡದ ಬುಡ ಅದಕ್ಕೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಬರಿಗಾಲಿಟ್ಟರೆ ಅದು ಚರ್ಮ ತೂರಿಕೊಂಡು ಒಳಗೆ ಹೋಗಿ, ರಕ್ತದ ಮೂಲಕ ಶ್ವಾಸಕೋಶಕ್ಕೆ ಬಂದು, ಗಂಟಲಿಗೆ ಹತ್ತಿ, ನಾವೇ ನುಂಗಿದ ಮೇಲೆ ಕರುಳಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಬೆರಳ ಸಂದಿಯಲ್ಲಿ ತುರಿಕೆ, ಸಣ್ಣ ಗುಳ್ಳೆ ಎದ್ದರೆ ಸುಮ್ನೆ ಮಣ್ಣಿನ ನವೆ ಅಂತ ಬಿಡಬೇಡಿ. ಇಲ್ಲಿ ತಪ್ಪು ಬರಿಗಾಲಿನದ್ದಲ್ಲ, ಶೌಚಾಲಯ ಇಲ್ಲದಿರುವುದು. ನಿಮ್ಮ ತೋಟದ ಲೈನಿನಲ್ಲಿ ಎಲ್ಲಾ ಮನೆಗೂ ನೀರಿರುವ ಶೌಚಾಲಯ ಇದೆಯಾ? ಇಲ್ಲದಿದ್ದರೆ ಮೊದಲು ಅದನ್ನು ಕಟ್ಟಿಸಿ. ನೀವು ಬೇಕೆಂದು ಬರಿಗಾಲಲ್ಲಿ ನಡೆಯುತ್ತೀರಿ, ಕೆಲಸಕ್ಕೆ ಬರುವವರಿಗೆ ಬೂಟು ಕೊಡಿಸುವವರಿಲ್ಲ. ಅವರಿಗೆ ಗಂಬೂಟು ಕೊಡಿಸಿ. ಹುಳದ ಮಾತ್ರೆ ಅಲ್ಬೆಂಡಜೋಲ್, 400 ಮಿಲಿಗ್ರಾಂ. ಎಷ್ಟು, ಯಾವಾಗ ಅಂತ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ನುಂಗಿ.

ಇಂಬಳಕ್ಕೆ, ಅಂದರೆ ರಕ್ತ ಹೀರುವ ಜಿಗಣೆಗೆ, ಹೆದರಬೇಡಿ. ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ಜಾಸ್ತಿ ಹೊತ್ತು ಒಸರುತ್ತದೆ, ಅಷ್ಟೇ. ಬರಿಗಾಲಾದರೆ ಹತ್ತಿದ ಕೂಡಲೇ ಕಣ್ಣಿಗೆ ಬೀಳುತ್ತದೆ. ಬೂಟಿನೊಳಗೆ ಸೇರಿದರೆ ಸಂಜೆ ಕಾಲುಚೀಲ ಒದ್ದೆಯಾದಾಗಲೇ ಗೊತ್ತಾಗುವುದು.

ಹಾವಿನ ಮಾತು ಬೇರೆ. ಒಣಗಿದ ಎಲೆಯ ಬಣ್ಣದ, ಮೂತಿ ಸ್ವಲ್ಪ ಮೇಲಕ್ಕೆ ತಿರುಗಿದ ಒಂದು ಗಿಡ್ಡ ಮಂಡಲದ ಹಾವು ನಮ್ಮ ತೋಟದ ತರಗೆಲೆಯಲ್ಲಿ ಮಲಗಿರುತ್ತದೆ. ಮೆಟ್ಟುವ ತನಕ ಕಾಣುವುದಿಲ್ಲ. ಹಾವು ಕಚ್ಚಿದಾಗ ಕೊಡಲು ನಮ್ಮಲ್ಲಿ ಸಿಗುವ ಮದ್ದು ನಾಗರ, ಕಟ್ಟುಹಾವು ಮತ್ತು ಎರಡು ಬಗೆಯ ಮಂಡಲದ ಹಾವಿಗೆ ಮಾಡಿದ್ದು. ಈ ಗಿಡ್ಡನಿಗೆ ಅಲ್ಲ. ಹಾಗಾಗಿ ತೋಟದ ಒಳಗೆ, ಅದರಲ್ಲೂ ಮುಸ್ಸಂಜೆಯ ಮೇಲೆ, ಗಂಬೂಟು ಮತ್ತು ಟಾರ್ಚ್. ಇದರಲ್ಲಿ ರಾಜಿ ಬೇಡ.

ಕಪಾತು ಮಾಡಿದ ಸಾಲಲ್ಲೂ ಚಪ್ಪಲಿ ಇರಲಿ. ಕತ್ತರಿಸಿದ ಕಡ್ಡಿ ಮೊಳೆಗಿಂತ ಚೂಪು. ಧನುರ್ವಾಯು ತುಕ್ಕು ಮೊಳೆಯಿಂದ ಮಾತ್ರ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದರ ಬ್ಯಾಕ್ಟೀರಿಯಾ ಮಣ್ಣು, ಸೆಗಣಿಯಲ್ಲೇ ಇರುತ್ತದೆ. ಹತ್ತು ವರ್ಷಕ್ಕೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳಿ. ಕಾಲಿಗೆ ಗಾಯ ಇರುವಾಗ ಗದ್ದೆಯ ಕೆಸರಿಗೆ ಇಳಿಯಬೇಡಿ, ಇಲಿಜ್ವರ ಬರುವುದು ಹಾಗೆಯೇ.

ಇನ್ನು ಉಳಿದದ್ದೆಲ್ಲ ನಿಮ್ಮದು. ಮನೆ, ಅಂಗಳ, ಕಾಫಿ ಒಣಗಿಸುವ ಕಣ, ಬೆಳಗಿನ ಹುಲ್ಲು, ದೇವರಕಾಡಿನ ದಾರಿ. ಕಣದ ಸಿಮೆಂಟಿನ ಮೇಲೆ ಜನವರಿಯ ಬೆಳಿಗ್ಗೆ ಕಾಲಿಟ್ಟಾಗ ಆಗುವ ಚಳಿ ಯಾವ ಚಪ್ಪಲಿಗೂ ಗೊತ್ತಾಗುವುದಿಲ್ಲ.

ಪ್ರಶ್ನೆ: ನಾಲ್ಕು ವರ್ಷದ ಮೊಮ್ಮಗಳು ಶೂ ಕಂಡರೆ ಅಳುತ್ತಾಳೆ. ಶೂ ಹಾಕದಿದ್ದರೆ ಪಾದ ಚಪ್ಪಟೆಯಾಗುತ್ತದೆ ಅಂತ ಸೊಸೆ ಹೇಳುತ್ತಾಳೆ. ನಿಜವಾ?
— ವಿರಾಜಪೇಟೆಯ ಅಜ್ಜಿ

ಉತ್ತರ: ಇಲ್ಲಮ್ಮ, ಹೆಚ್ಚುಕಡಿಮೆ ಉಲ್ಟಾ. ರಾವ್ ಮತ್ತು ಜೋಸೆಫ್ ಅನ್ನುವ ಇಬ್ಬರು ವೈದ್ಯರು ದಕ್ಷಿಣ ಭಾರತದಲ್ಲಿ 4ರಿಂದ 13 ವರ್ಷದ 2,300 ಮಕ್ಕಳ ಪಾದದ ಅಚ್ಚು ತೆಗೆದು ನೋಡಿ 1992ರಲ್ಲಿ ಬರೆದಿದ್ದಾರೆ. ಶೂ, ಚಪ್ಪಲಿ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ನೂರಕ್ಕೆ 8.6, ಬರಿಗಾಲಿನ ಮಕ್ಕಳಲ್ಲಿ 2.8. ಅದರಲ್ಲೂ ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಜಾಸ್ತಿ. ಮನೆಯೊಳಗೆ ಮಗು ಬರಿಗಾಲಲ್ಲಿ ಓಡಲಿ. ಹೊರಗೆ ಬೆರಳು ಆಡುವಷ್ಟು ಜಾಗ ಇರುವ ಸ್ಯಾಂಡಲ್ ಸಾಕು. ಸೊಸೆಗೆ ಈ ಪುಟ ಓದಲು ಕೊಡಿ, ಜಗಳ ಮಾಡಬೇಡಿ.

ಪ್ರಶ್ನೆ: ಅಪ್ಪನಿಗೆ 64, ಸಕ್ಕರೆ ಕಾಯಿಲೆ 12 ವರ್ಷದಿಂದ ಇದೆ. ಪ್ರತಿ ತುಲಾ ಸಂಕ್ರಮಣಕ್ಕೆ ಭಾಗಮಂಡಲದಿಂದ ತಲಕಾವೇರಿಗೆ ಬರಿಗಾಲಲ್ಲಿ ಹತ್ತುತ್ತಾರೆ. ಹೋದ ವರ್ಷ ಅಂಗಾಲಲ್ಲಿ ಬೊಬ್ಬೆ ಎದ್ದು ಒಡೆದದ್ದು ಮೂರು ದಿನ ಅವರಿಗೇ ಗೊತ್ತಾಗಲಿಲ್ಲ. ಹರಕೆ ಅಂತಾರೆ, ತಡೆಯುವುದು ಹೇಗೆ?
— ಮಡಿಕೇರಿಯ ಮಗಳು

ಉತ್ತರ: ಗೊತ್ತಾಗಲಿಲ್ಲ ಅಂದಿರಲ್ಲ, ನನಗೆ ಭಯವಾದದ್ದು ಅದಕ್ಕೇ. ಪಾದದ ನರ ಮರಗಟ್ಟಿದೆ ಅಂತ ಕಾಣುತ್ತದೆ. ಇವತ್ತೇ ಮನೆಯಲ್ಲಿ ಹೀಗೆ ನೋಡಿ. ಅಪ್ಪ ಕಣ್ಣು ಮುಚ್ಚಲಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ನಿಮ್ಮ ಬೆರಳಿಂದ ಒಂದೆರಡು ಸೆಕೆಂಡ್ ಮೆಲ್ಲಗೆ ಮುಟ್ಟಿ. ಒತ್ತಬೇಡಿ. ಮುಟ್ಟಿದಾಗ ಹೇಳಲಿ. ಆರರಲ್ಲಿ ಎರಡು ತಪ್ಪಿದರೂ ಸ್ಪರ್ಶ ಕಡಿಮೆಯಾಗಿದೆ ಅಂತ ಅರ್ಥ. ಎಲ್ಲಾ ಸರಿ ಹೇಳಿದರೂ ಡಾಕ್ಟರಿಗೆ ಪಾದ ತೋರಿಸಲೇಬೇಕು. ಇಂಥವರಿಗೆ ಬರಿಗಾಲು ಮನೆಯೊಳಗೂ ಬೇಡ. ಚಳಿಗೆ ಒಲೆ ಮುಂದೆ ಕಾಲು ಚಾಚುವುದು, ಬಿಸಿನೀರಲ್ಲಿ ಕಾಲು ನೆನೆಸುವುದು ಕೂಡ ಬೇಡ. ಸುಟ್ಟರೂ ತಿಳಿಯುವುದಿಲ್ಲ.

ಹರಕೆಯನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಕಾವೇರಮ್ಮನ ಹತ್ತಿರ ಹೋಗುವುದು ಅವರಿಗೆ ಉಸಿರಿದ್ದ ಹಾಗೆ. ಡಾಕ್ಟರು ನಡೆಯಬಹುದು ಅಂದರೆ ಆ ಎಂಟು ಕಿಲೋಮೀಟರ್ ಟಾರು ರಸ್ತೆಯನ್ನು ಹಿಂದೆ ಪಟ್ಟಿ ಇರುವ ಮೆತ್ತನೆ ಚಪ್ಪಲಿಯಲ್ಲಿ ಹತ್ತಲಿ. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು, ಕಲ್ಲು, ಗಾಜು ನೋಡಿಕೊಳ್ಳುತ್ತಾ ನೀವು ಕೈ ಹಿಡಿದು ಕರೆದುಕೊಂಡು ಹೋಗಿ. ಆ ರಾತ್ರಿ ಮಲಗುವ ಮೊದಲು ಬೆರಳ ಸಂದಿಯೆಲ್ಲ ಒರೆಸಿ, ಅಂಗಾಲನ್ನು ಬೆಳಕಿಗೆ ಹಿಡಿದು ನೀವೇ ನೋಡಿ. ಬೊಬ್ಬೆ ಕಂಡರೆ ಒಡೆಯಬೇಡಿ, ಮಾರನೇ ಬೆಳಿಗ್ಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.